ಸೌರ, ಪವನ ಯೋಜನೆಯ ಕಡತ ಸರ್ಕಾರಿ ವಕೀಲರ ಮೇಜಿಗೆ ಬಂದಾಗ

ಕರ್ನಾಟಕದಲ್ಲಿ ಸೌರ ಅಥವಾ ಪವನ ವಿದ್ಯುತ್ ಯೋಜನೆಯ ವ್ಯಾಜ್ಯ ಸರ್ಕಾರಿ ವಕೀಲರ ಕೈಗೆ ಬರುವ ಹೊತ್ತಿಗೆ ಅದರ ಸೋಲು-ಗೆಲುವು ಬಹುಪಾಲು ಕಡತದಲ್ಲೇ ತೀರ್ಮಾನವಾಗಿರುತ್ತದೆ. ವಾದ ಎಷ್ಟೇ ಚೆನ್ನಾಗಿದ್ದರೂ ಮೂರು ವರ್ಷದ ಹಿಂದೆ ಯಾರೋ ಬರೆಯದೇ ಬಿಟ್ಟ ಪತ್ರವನ್ನು ಇಂದು ಹುಟ್ಟಿಸಲು ಆಗುವುದಿಲ್ಲ. ಹಾಗಾಗಿ ಈ ಕೆಲಸ ಶುರುವಾಗಬೇಕಾದದ್ದು ನೋಟಿಸ್ ಬಂದ ದಿನ ಅಲ್ಲ, ಒಪ್ಪಂದದ ಕರಡು ತಯಾರಾಗುವ ದಿನ.

ಇಲ್ಲಿನ ದೊಡ್ಡ ತೊಡಕು ಎಂದರೆ ನಿಮ್ಮ ಕಕ್ಷಿದಾರ ಒಬ್ಬರಲ್ಲ. ವಿದ್ಯುತ್ ವಿತರಣಾ ಕಂಪನಿಯಾದ ಎಸ್ಕಾಂ ವಿದ್ಯುತ್ ಕೊಳ್ಳುತ್ತದೆ, ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆಯಾದ ಕ್ರೆಡಲ್ ಸಾಮರ್ಥ್ಯ ಹಂಚುತ್ತದೆ, ಕಂದಾಯ ಇಲಾಖೆ ಭೂಪರಿವರ್ತನೆ ಮಾಡಿಕೊಡುತ್ತದೆ, ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಲೈನಿನ ಸಂಪರ್ಕ ಕೊಡುತ್ತದೆ, ಅರಣ್ಯ ಇಲಾಖೆ ಆಕ್ಷೇಪ ಎತ್ತುತ್ತದೆ. ಕಾಗದದ ಮೇಲೆ ಇವೆಲ್ಲ ಬೇರೆ ಬೇರೆ. ಎದುರು ಪಕ್ಷದ ವಕೀಲರ ಕಣ್ಣಿಗೆ ಎಲ್ಲವೂ ಸರ್ಕಾರವೇ. ಒಂದು ಕಚೇರಿಯ ವಿಳಂಬ ಇನ್ನೊಂದು ಕಚೇರಿಯ ವಿರುದ್ಧ ಅವರ ಕೈಯಲ್ಲಿ ಪುರಾವೆಯಾಗುತ್ತದೆ.

ಹಿರೇಹಳ್ಳಿ ಸೋಲಾರ್ ಪ್ರಕರಣ ಇದಕ್ಕೆ ನೇರ ಉದಾಹರಣೆ. ಭೂಮಾಲೀಕ ರೈತರಿಗಾಗಿ 2014ರಲ್ಲಿ ರಾಜ್ಯ ತಂದ 1ರಿಂದ 3 ಮೆಗಾವಾಟ್ ಯೋಜನೆಯಡಿ ಒಪ್ಪಂದದ ದರ ಯೂನಿಟ್‌ಗೆ 8.40 ರೂಪಾಯಿ ಇತ್ತು. ಘಟಕ ಶುರುವಾಗುವುದು ತಡವಾಯಿತೆಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಅದನ್ನು 4.36ಕ್ಕೆ ಇಳಿಸಿತು. ಮೇಲ್ಮನವಿ ನ್ಯಾಯಮಂಡಳಿಯಾದ ಆಪ್ಟೆಲ್ ಅದನ್ನು ಒಪ್ಪಲಿಲ್ಲ. ಬೆಂಗಳೂರು ಭಾಗದ ಎಸ್ಕಾಂ ಆದ ಬೆಸ್ಕಾಂ ಸುಪ್ರೀಂ ಕೋರ್ಟ್‌ಗೆ ಹೋಯಿತು. 2024ರ ಆಗಸ್ಟ್‌ನಲ್ಲಿ ಅಲ್ಲಿಯೂ ಸೋತಿತು. ಭೂಪರಿವರ್ತನೆಯಂಥ ಸರ್ಕಾರಿ ಮಂಜೂರಾತಿಗಳಲ್ಲಿ ಆದ ವಿಳಂಬ ಉತ್ಪಾದಕರ ಕೈಮೀರಿದ್ದು ಎಂಬ ವಾದ ನಿಂತಿತು. ಕಂದಾಯ ಕಚೇರಿಯಲ್ಲಿ ಅರ್ಜಿ ಎಷ್ಟು ದಿನ ಕುಳಿತಿತ್ತು ಎಂಬುದು ಯೂನಿಟ್‌ಗೆ ನಾಲ್ಕು ರೂಪಾಯಿಯ ಪ್ರಶ್ನೆಯಾಯಿತು. ಆ ನಾಲ್ಕು ರೂಪಾಯಿ ಕೊನೆಗೆ ಸೇರುವುದು ಗ್ರಾಹಕರ ಬಿಲ್ಲಿಗೆ.

ಮೊದಲು ದಿನಾಂಕಗಳ ಪಟ್ಟಿ

ಕಡತ ಕೈಗೆ ಬಂದೊಡನೆ ಪ್ಯಾರಾವಾರು ಷರಾ, ಅಂದರೆ ಎದುರು ಪಕ್ಷದ ಅರ್ಜಿಯ ಪ್ರತಿ ಪ್ಯಾರಾಕ್ಕೂ ಇಲಾಖೆಯ ಉತ್ತರ, ಬರೆಸಲು ಕೂರಬೇಡಿ. ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಮಾಡಿ: ದಿನಾಂಕ, ಏನಾಯಿತು, ಯಾವ ಕಚೇರಿ, ಕಡತದ ಪುಟ ಸಂಖ್ಯೆ. ಅದರಲ್ಲಿ ಇರಲೇಬೇಕಾದವು ಇವು: ಸಾಮರ್ಥ್ಯ ಹಂಚಿಕೆಯ ಆದೇಶ, ಪಿಪಿಎ ಎಂದೇ ಎಲ್ಲರೂ ಕರೆಯುವ ವಿದ್ಯುತ್ ಖರೀದಿ ಒಪ್ಪಂದಕ್ಕೆ ಸಹಿ, ಅದಕ್ಕೆ ಆಯೋಗದ ಅನುಮೋದನೆ, ಭೂಪರಿವರ್ತನೆಯ ಅರ್ಜಿ ಮತ್ತು ಆದೇಶ, ಗ್ರಿಡ್ ಸಂಪರ್ಕದ ಅರ್ಜಿ ಮತ್ತು ಮಂಜೂರಾತಿ, ವಿದ್ಯುತ್ ಪರಿವೀಕ್ಷಕರ ಅನುಮತಿ, ಗ್ರಿಡ್‌ಗೆ ಜೋಡಿಸಿದ ದಿನ, ಘಟಕ ಚಾಲನೆಗೊಂಡಿತೆಂಬ ಕಮಿಷನಿಂಗ್ ಪ್ರಮಾಣಪತ್ರದ ದಿನ, ಮೊದಲ ಮೀಟರ್ ರೀಡಿಂಗ್. ಬ್ಯಾಂಕ್ ಗ್ಯಾರಂಟಿಯ ಮುಕ್ತಾಯ ದಿನವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ.

ಪ್ರತಿ ಅರ್ಜಿಗೂ ಎರಡು ದಿನಾಂಕ ಬೇಕು: ಸಲ್ಲಿಸಿದ್ದು, ಪರಿಪೂರ್ಣವಾದದ್ದು. ಅರ್ಜಿದಾರರು ನಕ್ಷೆ ಲಗತ್ತಿಸದೆ ಅರ್ಜಿ ಹಾಕಿ, ಕಚೇರಿ ಕೇಳಿದ ಎರಡು ತಿಂಗಳ ನಂತರ ಕೊಟ್ಟಿದ್ದರೆ ಆ ಎರಡು ತಿಂಗಳು ಸರ್ಕಾರದ ವಿಳಂಬವಲ್ಲ. ಇದನ್ನು ತೋರಿಸಲು ಕೊರತೆ ತಿಳಿಸಿದ ಪತ್ರ ಮತ್ತು ಅದು ತಲುಪಿದ ದಾಖಲೆ ಎರಡೂ ಇರಬೇಕು. ಬಹಳಷ್ಟು ಕಚೇರಿಗಳಲ್ಲಿ ಕೊರತೆಯನ್ನು ಫೋನಿನಲ್ಲಿ ಹೇಳಿ ಬಿಡುತ್ತಾರೆ. ನ್ಯಾಯಾಲಯದಲ್ಲಿ ಆ ಮಾತಿಗೆ ಬೆಲೆ ಇಲ್ಲ.

ದಿನದ ಲೆಕ್ಕವನ್ನು ಕೈಬೆರಳಿನಲ್ಲಿ ಎಣಿಸಿ ಬಿಡಬೇಡಿ. ಇ.ಎಸ್. ಸೋಲಾರ್ ಪ್ರಕರಣದಲ್ಲಿ ಒಪ್ಪಂದದ ಹನ್ನೆರಡು ತಿಂಗಳು ಯಾವ ದಿನಕ್ಕೆ ಮುಗಿಯಿತು ಎಂಬ ಒಂದೇ ದಿನದ ಜಗಳ ಬೆಸ್ಕಾಂ ಅನ್ನು ಸುಪ್ರೀಂ ಕೋರ್ಟ್‌ವರೆಗೆ ಒಯ್ದಿತು. 2021ರಲ್ಲಿ ತೀರ್ಪು ಉತ್ಪಾದಕರ ಪರವಾಗಿ ಬಂತು. ಹೊಸ ಕರಡು ನೋಡುವಾಗ "ಜಾರಿ ದಿನಾಂಕದಿಂದ 12 ತಿಂಗಳು" ಎಂದು ಬಿಡದೆ, ಜಾರಿ ದಿನವನ್ನು ಎಣಿಕೆಗೆ ಸೇರಿಸಬೇಕೋ ಬೇಡವೋ ಹೇಳಿ. ಗ್ರಿಡ್‌ಗೆ ಜೋಡಿಸಿದರೆ ಸಾಕೋ, ಮೀಟರಿನಲ್ಲಿ ಯೂನಿಟ್ ದಾಖಲಾಗಬೇಕೋ ಅದನ್ನೂ ಬರೆಯಿರಿ. ಎರಡು ವಾಕ್ಯದ ಕೆಲಸ ಇದು.

ಜಮೀನು: ಹೆಚ್ಚು ಹೊತ್ತು ಇಲ್ಲಿ ಕೊಡಿ

ಒಂದು ಮೆಗಾವಾಟ್ ಸೌರ ಘಟಕಕ್ಕೆ ಸುಮಾರು ನಾಲ್ಕರಿಂದ ಐದು ಎಕರೆ ಬೇಕು. ದೊಡ್ಡ ಸೌರ ಪಾರ್ಕ್ ಎಂದರೆ ನೂರಾರು ಸರ್ವೆ ನಂಬರು, ಅದರ ಎರಡು-ಮೂರು ಪಟ್ಟು ಕುಟುಂಬಗಳು. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ 2,050 ಮೆಗಾವಾಟ್‌ನ ಶಕ್ತಿಸ್ಥಳ ಸೌರ ಪಾರ್ಕ್ ಸುಮಾರು 13,000 ಎಕರೆಯ ಮೇಲಿದೆ. ಅಲ್ಲಿ ಭೂಸ್ವಾಧೀನ ಮಾಡದೆ ರೈತರಿಂದ ಗುತ್ತಿಗೆಗೆ ಪಡೆದರು. ಶುರುವಿನ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಒಡೆತನ ರೈತರಲ್ಲೇ ಉಳಿಯುವ ಈ ದಾರಿ ಒಳ್ಳೆಯದೇ. ಆದರೆ ಇಪ್ಪತ್ತೈದು ವರ್ಷಕ್ಕೂ ಮೀರಿದ ಗುತ್ತಿಗೆಯಲ್ಲಿ ಒಂದು ತಪ್ಪು ಸಹಿ ಅಷ್ಟೂ ವರ್ಷ ಕಾಡುತ್ತದೆ.

ಪ್ರತಿ ಸರ್ವೆ ನಂಬರಿಗೂ ಪಹಣಿ, ಮ್ಯುಟೇಷನ್, ಆಕಾರಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆ), ಹಿಸ್ಸಾ ಟಿಪ್ಪಣಿ (ಪಾಲುಗಳ ಅಳತೆ ದಾಖಲೆ), ಋಣಭಾರ ಪತ್ರ ಇಷ್ಟನ್ನೂ ತರಿಸಿ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು ನೋಡಿದರೆ ಸಾಲದು. 11ರಲ್ಲಿ ಸಹಕಾರ ಸಂಘದ ಸಾಲ, ಬ್ಯಾಂಕಿನ ಆಧಾರ, ತಡೆಯಾಜ್ಞೆ ಇರುತ್ತವೆ. 12ರಲ್ಲಿ ನಿಜಕ್ಕೂ ಉಳುತ್ತಿರುವವರು ಯಾರೆಂದು ಗೊತ್ತಾಗುತ್ತದೆ. ಪಹಣಿಯ ವಿಸ್ತೀರ್ಣಕ್ಕೂ ಆಕಾರಬಂದಿಗೂ ತಾಳೆಯಾಗದಿದ್ದರೆ ಪೋಡಿ, ಅಂದರೆ ಅಳತೆ ಮಾಡಿ ಬೇರ್ಪಡಿಸುವುದು, ಆಗುವವರೆಗೆ ಸಹಿ ಹಾಕಿಸಬೇಡಿ. ಸಾಗುವಳಿಗೆ ಬಾರದ ಖರಾಬು ಎಷ್ಟಿದೆ, ಅದು 'ಎ'ನೋ 'ಬಿ'ನೋ ಎಂದು ಕೇಳಿ. ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉದ್ದೇಶದ 'ಬಿ' ಖರಾಬು ರೈತರದ್ದಲ್ಲ, ಅದನ್ನು ಅವರು ಗುತ್ತಿಗೆಗೆ ಕೊಡಲಾರರು. ಪ್ಯಾನೆಲ್ ನಿಂತ ಮೇಲೆ ಊರಿನವರು ಬಂಡಿದಾರಿ ಮುಚ್ಚಿದ್ದೀರೆಂದು ಬರುವುದು ಇಲ್ಲಿಂದಲೇ.

ಎಲ್ಲಕ್ಕಿಂತ ಅಪಾಯ ದರಖಾಸ್ತು ಜಮೀನಿನದು, ಅಂದರೆ ಸರ್ಕಾರ ಮಂಜೂರು ಮಾಡಿಕೊಟ್ಟ ಜಮೀನಿನದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಗೆ ಅದರ ವರ್ಗಾವಣೆಯನ್ನು ನಿರ್ಬಂಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಅದರಲ್ಲಿ 'ವರ್ಗಾವಣೆ' ಎಂಬುದರೊಳಗೆ ಗುತ್ತಿಗೆಯೂ ಸೇರಿದೆ ಎಂಬುದನ್ನು ಕಂಪನಿಗಳ ವಕೀಲರೂ ಮರೆಯುತ್ತಾರೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ಗುತ್ತಿಗೆ ಶೂನ್ಯ, ಉಪವಿಭಾಗಾಧಿಕಾರಿ ಜಮೀನನ್ನು ಮರಳಿ ಕೊಡಿಸಬಹುದು. ತಡವಾಗಿ ಬಂದ ಅರ್ಜಿಗಳು ನಿಲ್ಲುವುದಿಲ್ಲ ಎಂದು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದ 2017ರ ತೀರ್ಪನ್ನು ನೆಚ್ಚಿಕೊಳ್ಳುವ ರೂಢಿ ಇತ್ತು. 2023ರ ತಿದ್ದುಪಡಿ ಕಾಲಮಿತಿಯ ಆ ಆಕ್ಷೇಪವನ್ನು ತೆಗೆಯಲೆಂದೇ ಬಂತು. ಮಂಜೂರಾತಿಯ ಪತ್ರವಾದ ಸಾಗುವಳಿ ಚೀಟಿ ಎಲ್ಲಿದೆ, ಯಾರ ಹೆಸರಿಗೆ, ಯಾವ ಷರತ್ತಿನಲ್ಲಿ ಮಂಜೂರಾಯಿತು ಎಂದು ಮೂಲ ಮಂಜೂರಾತಿ ಕಡತದಿಂದಲೇ ಖಚಿತಪಡಿಸಿಕೊಳ್ಳಿ. ಈ ಕಾಯ್ದೆಯನ್ನು ಅಡ್ಡಿಯೆಂದು ನೋಡಬೇಡಿ. ಅದು ಕಾಯುತ್ತಿರುವುದು ಅತ್ಯಂತ ಬಡ ಭೂಮಾಲೀಕರನ್ನು, ಅವರೂ ಸರ್ಕಾರ ರಕ್ಷಿಸಬೇಕಾದ ಪ್ರಜೆಗಳೇ.

ಸಹಿ ಯಾರದು ಎಂಬುದು ಮುಂದಿನ ಪ್ರಶ್ನೆ. ಖಾತೆ ಅಣ್ಣನ ಹೆಸರಿನಲ್ಲಿದೆ ಎಂದು ಅವರೊಬ್ಬರಿಂದ ಸಹಿ ಪಡೆದು, ಆಮೇಲೆ ಮದುವೆಯಾಗಿ ಹೋದ ತಂಗಿಯರು ವಿಭಾಗ ದಾವೆ ಹಾಕುವುದು ಈ ಯೋಜನೆಗಳಲ್ಲಿ ನಿತ್ಯದ ಕಥೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಪಿತ್ರಾರ್ಜಿತ ಜಮೀನಿನಲ್ಲಿ ಹೆಣ್ಣುಮಕ್ಕಳ ಪಾಲು ಅನುಮಾನದ ವಿಷಯವೇ ಅಲ್ಲ. ವಂಶವೃಕ್ಷ ಪಡೆದು, ಅದರಲ್ಲಿರುವ ಪ್ರತಿಯೊಬ್ಬರನ್ನೂ ಗುತ್ತಿಗೆಗೆ ಪಕ್ಷಕಾರರನ್ನಾಗಿ ಮಾಡಿ, ಬಾಡಿಗೆಯನ್ನು ಪಾಲಿನಂತೆ ಅವರವರ ಖಾತೆಗೆ ಹಾಕಿಸಿ. ತೀರಿಹೋದವರ ಖಾತೆ ವಾರಸುದಾರರ ಹೆಸರಿಗೆ ಬದಲಾಗುವ ಪೌತಿ ಖಾತೆ ಆಗಿರದಿದ್ದರೆ ಅದನ್ನು ಮೊದಲು ಮುಗಿಸಿ. ಜಮೀನು ಅಪ್ರಾಪ್ತರ ಸ್ವಂತ ಹೆಸರಿನಲ್ಲಿದ್ದರೆ, ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆಯ 8ನೇ ಪ್ರಕರಣದಂತೆ ಐದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನ್ಯಾಯಾಲಯದ ಅನುಮತಿ ಬೇಕು.

ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು, ಮುದ್ರಾಂಕ ಶುಲ್ಕ ಪೂರ್ಣವಾಗಿರಬೇಕು. ಶುಲ್ಕ ಕಡಿಮೆ ಬಿದ್ದ ಪತ್ರ ಸಾಕ್ಷ್ಯಕ್ಕೆ ಬರುವುದಿಲ್ಲ, ನ್ಯಾಯಾಲಯ ಅದನ್ನು ಜಪ್ತು ಮಾಡಿ ದಂಡ ಹಾಕುತ್ತದೆ. ಗುತ್ತಿಗೆ ಪತ್ರದಲ್ಲಿ ಮರೆತುಹೋಗುವ ಷರತ್ತುಗಳು ಎರಡು. ಮೊದಲನೆಯದು, ಗುತ್ತಿಗೆದಾರರು ತಮ್ಮ ಗುತ್ತಿಗೆ ಹಕ್ಕನ್ನು ಬ್ಯಾಂಕಿಗೆ ಅಡವಿಡಬಹುದು, ರೈತರ ಒಡೆತನವನ್ನಲ್ಲ ಎಂಬ ಸ್ಪಷ್ಟ ಮಾತು. ಎರಡನೆಯದು, ಅವಧಿ ಮುಗಿದ ಮೇಲೆ ಪ್ಯಾನೆಲ್, ಕಾಂಕ್ರೀಟ್ ಬುಡ, ಕೇಬಲ್ ತೆಗೆಯುವ ಹೊಣೆ ಮತ್ತು ಅದರ ಖರ್ಚಿಗೆ ಭದ್ರತೆ. ಜೊತೆಗೆ ಜಂಟಿ ಅಳತೆಯ ನಕ್ಷೆ ಪತ್ರದ ಭಾಗವಾಗಿರಲಿ. ಬದು, ಬಾಂದುಕಲ್ಲು ಎಲ್ಲ ಸಮತಟ್ಟಾದ ಮೇಲೆ ಯಾರ ಹೊಲ ಎಲ್ಲಿತ್ತು ಎಂದು ಹೇಳಲು ಆ ನಕ್ಷೆ ಬಿಟ್ಟರೆ ಬೇರೇನೂ ಉಳಿದಿರುವುದಿಲ್ಲ.

ಪವನ ಯೋಜನೆಯಲ್ಲಿ ಜಮೀನು ಕಡಿಮೆ, ಗುಡ್ಡ ಹೆಚ್ಚು. ಅರಣ್ಯದ ಗಡಿ ಎಲ್ಲಿದೆ ಎಂಬುದೇ ಅಲ್ಲಿನ ಪ್ರಶ್ನೆ. ಕಂದಾಯ ದಾಖಲೆಯಲ್ಲಿ ಗೋಮಾಳ ಎಂದಿದ್ದರೂ ಅರಣ್ಯ ಅಧಿಸೂಚನೆ ಅದರ ಮೇಲೆ ಕುಳಿತಿರಬಹುದು. ಹಾಗಾಗಿ ಎರಡೂ ಇಲಾಖೆಗಳ ಜಂಟಿ ಸರ್ವೆ ವರದಿ ಇಲ್ಲದೆ ಅಭಿಪ್ರಾಯ ಕೊಡಬೇಡಿ. ಅರಣ್ಯವೆಂದಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ (2023ರ ತಿದ್ದುಪಡಿಯಿಂದ ಅದರ ಹೆಸರು ವನ (ಸಂರಕ್ಷಣ್ ಏವಂ ಸಂವರ್ಧನ್) ಅಧಿನಿಯಮ) ಕೇಂದ್ರದ ಪೂರ್ವಾನುಮತಿ ಬೇಕು. ಗಾಳಿಯಂತ್ರಕ್ಕಷ್ಟೇ ಅಲ್ಲ, ಅದಕ್ಕೆ ಹೋಗುವ ರಸ್ತೆಗೂ.

ಒಪ್ಪಂದದ ಕರಡು

ಸರ್ಕಾರವೇ ಪಕ್ಷಕಾರನಾದರೆ ಸಂವಿಧಾನದ 299ನೇ ವಿಧಿಯಂತೆ ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಪಡೆದ ಅಧಿಕಾರಿಯ ಸಹಿ ಇರಬೇಕು. ಕ್ರೆಡಲ್, ಎಸ್ಕಾಂಗಳು ಕಂಪನಿಗಳಾದ್ದರಿಂದ ಅವುಗಳಿಗೆ ಆ ವಿಧಿಯಿಲ್ಲ, ಆಡಳಿತ ಮಂಡಳಿಯ ನಿರ್ಣಯ ಬೇಕು. ಸಹಿ ಹಾಕಿದವರಿಗೆ ಆ ದಿನ ಅಧಿಕಾರ ಇತ್ತೆಂದು ತೋರಿಸುವ ಪತ್ರ ಕಡತದಲ್ಲಿರಲಿ.

ದರ ಎರಡು ದಾರಿಯಲ್ಲಿ ಬರುತ್ತದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 62ನೇ ಪ್ರಕರಣದಡಿ ಆಯೋಗ ನಿಗದಿ ಮಾಡುತ್ತದೆ, ಇಲ್ಲವೇ 63ರಡಿ ಹರಾಜಿನಲ್ಲಿ ಬಂದ ದರವನ್ನು ಅಂಗೀಕರಿಸುತ್ತದೆ. 63ರ ದಾರಿ ಹಿಡಿದರೆ ಕೇಂದ್ರದ ಬಿಡ್ಡಿಂಗ್ ಮಾರ್ಗಸೂಚಿಯಿಂದ ಎಲ್ಲೆಲ್ಲಿ ಬೇರೆಯಾಗಿದ್ದೀರಿ ಎಂಬುದಕ್ಕೆ ಆಯೋಗದ ಮುಂಚಿನ ಒಪ್ಪಿಗೆ ಪಡೆಯಿರಿ. ಪಿಪಿಎಗೆ 86(1)(ಬಿ) ಅಡಿ ಆಯೋಗದ ಅನುಮೋದನೆ ಬೇಕು. ಇದೇ ಮಾತು ಅವಧಿ ವಿಸ್ತರಣೆಗೂ ಸಲ್ಲುತ್ತದೆ. ಎಸ್ಕಾಂ ತಾನಾಗಿ ಆರು ತಿಂಗಳು ಕೊಟ್ಟು ಆಯೋಗಕ್ಕೆ ತಿಳಿಸದಿದ್ದರೆ, ಮುಂದೆ ಆ ವಿಸ್ತರಣೆಯನ್ನು ಸಮರ್ಥಿಸಬೇಕೋ ಅಲ್ಲಗಳೆಯಬೇಕೋ ಎಂಬ ಇಕ್ಕಟ್ಟಿಗೆ ನೀವು ಸಿಕ್ಕಿಬೀಳುತ್ತೀರಿ.

ಫೋರ್ಸ್ ಮೆಜೂರ್, ಅಂದರೆ ಕೈಮೀರಿದ ಘಟನೆಗಳ, ಷರತ್ತಿನಲ್ಲಿ ನೋಟಿಸಿಗೆ ಎಷ್ಟು ದಿನ, ಯಾರಿಗೆ, ಯಾವ ವಿಳಾಸಕ್ಕೆ ಎಂಬುದು ಬಿಗಿಯಾಗಿರಲಿ. ಸರ್ಕಾರಿ ಮಂಜೂರಾತಿಯ ವಿಳಂಬ ಇದರೊಳಗೆ ಸೇರುತ್ತದೆಯೇ ಎಂದು ಬಾಯಿಬಿಟ್ಟು ಹೇಳಿ. ನಮ್ಮ ಸಲಹೆ: ಸೇರಿಸಿ, ಆದರೆ ಪರಿಪೂರ್ಣ ಅರ್ಜಿ ಸಲ್ಲಿಸಿದ ದಿನದಿಂದ ಇಂತಿಷ್ಟು ದಿನ ಮೀರಿದ ವಿಳಂಬಕ್ಕೆ ಮಾತ್ರ, ದಿನಕ್ಕೆ ದಿನ ವಿಸ್ತರಣೆ ಎಂದು. ಪೂರ್ತಿ ಹೊರಗಿಟ್ಟರೆ ನ್ಯಾಯಾಲಯ ಅದನ್ನು ಸರ್ಕಾರ ತನ್ನ ತಪ್ಪಿನ ಲಾಭ ಪಡೆಯುವುದು ಎಂದೇ ಓದುತ್ತದೆ.

ಕಾನೂನು ಬದಲಾವಣೆಯ ಷರತ್ತೂ ಹಣದ ವಿಷಯವೇ. 2022ರ ಏಪ್ರಿಲ್ 1ರಿಂದ ಆಮದು ಸೌರ ಮಾಡ್ಯೂಲಿಗೆ ಶೇ 40, ಸೆಲ್ಲಿಗೆ ಶೇ 25 ಮೂಲ ಸುಂಕ ಬಂತು. ಅದಕ್ಕೂ ಮುನ್ನ 2021ರ ಅಕ್ಟೋಬರಿನಲ್ಲಿ ಸೌರ ಉಪಕರಣಗಳ ಜಿಎಸ್‌ಟಿ ಶೇ 5ರಿಂದ 12ಕ್ಕೆ ಏರಿತ್ತು. ಇಂಥ ಬದಲಾವಣೆಯ ಹೊರೆ ಕೇಳಿ ಉತ್ಪಾದಕರು ಬಂದಾಗ ಮೊದಲು ನೋಡಬೇಕಾದದ್ದು ಬಿಡ್ ಸಲ್ಲಿಸಲು ಕೊನೆಯ ದಿನ. ಅಂದು ಅಧಿಸೂಚನೆ ಆಗಲೇ ಹೊರಬಿದ್ದಿತ್ತೇ? ನಂತರ ಬಿಲ್ಲುಗಳು: ಸಾಗಣೆ ದಾಖಲೆ, ಸುಂಕ ಕಟ್ಟಿದ ಚಲನ್, ಮಾಡ್ಯೂಲ್‌ಗಳ ಕ್ರಮಸಂಖ್ಯೆ ಇದೇ ಘಟಕದವೇ ಎಂದು ಒಂದಕ್ಕೊಂದು ತಾಳೆ ಮಾಡಿಸಿ. 2021ರ ಕೇಂದ್ರ ನಿಯಮಗಳಂತೆ ವಸೂಲಿಗೆ ಮೂರು ವಾರ ಮುಂಚಿನ ನೋಟಿಸ್ ಬೇಕು. ಆ ಮೂರು ವಾರ ಉತ್ತರ ಕೊಡದೆ ಕಳೆದರೆ, ಲೆಕ್ಕವನ್ನು ಆಮೇಲೆ ತಕರಾರು ಮಾಡುವುದು ಕಷ್ಟ.

ಬ್ಯಾಂಕ್ ಗ್ಯಾರಂಟಿ ಮುಗಿಯುವ ತಿಂಗಳ ಮುಂಚೆ ವಿಸ್ತರಣೆ ಕೇಳಿ. ಕೊಡದಿದ್ದರೆ ನಗದೀಕರಣದ ಪತ್ರ ಬರೆಯಿರಿ. ಆ ಪತ್ರದ ಮಾತು ಗ್ಯಾರಂಟಿಯಲ್ಲಿರುವ ಮಾತಿನಂತೆಯೇ ಇರಬೇಕು, ಅದೇ ಶಾಖೆಗೆ ಹೋಗಬೇಕು, ಸ್ವೀಕೃತಿ ಮೊಹರು ಬೀಳಬೇಕು. ಅದೇ ದಿನ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಅಡಿ, ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂಬ ಕೇವಿಯಟ್ ಹಾಕಿ. ಅದು ಬಾಳುವುದು 90 ದಿನ.

ಯಾವ ಬಾಗಿಲಿಗೆ ಹೋಗಬೇಕು

ಉತ್ಪಾದಕರು ಮತ್ತು ಎಸ್ಕಾಂ ನಡುವಿನ ತಕರಾರು 86(1)(ಎಫ್) ಅಡಿ ರಾಜ್ಯ ಆಯೋಗಕ್ಕೆ. ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದರೂ ಅಲ್ಲಿಗೇ, ಮಧ್ಯಸ್ಥರಿಗೆ ಒಪ್ಪಿಸಬೇಕೇ ಎಂಬುದನ್ನೂ ಆಯೋಗವೇ ನಿರ್ಧರಿಸುತ್ತದೆ ಎಂದು 2008ರ ಎಸ್ಸಾರ್ ಪವರ್ ತೀರ್ಪು ಹೇಳಿದೆ. ಒಂದಕ್ಕಿಂತ ಹೆಚ್ಚು ರಾಜ್ಯಗಳಿಗೆ ಮಾರುವ ಸಂಯುಕ್ತ ಯೋಜನೆಯಾದರೆ 79ರಡಿ ಕೇಂದ್ರ ಆಯೋಗ. ಆಯೋಗ ತೀರ್ಮಾನಿಸಬೇಕಾದದ್ದನ್ನು ಹಿಡಿದು ಬಂದ ರಿಟ್ ಅರ್ಜಿಗೆ ಮೊದಲ ಆಕ್ಷೇಪ ಇದೇ ಆಗಿರಲಿ. ಆದರೆ ಅದನ್ನೇ ನಂಬಿ ವಿಷಯದ ಮೇಲೆ ಉತ್ತರ ಹಾಕದೆ ಇರಬೇಡಿ.

ಮೇಲ್ಮನವಿಯ ಗಡುವಿನಲ್ಲಿ ಸರ್ಕಾರಕ್ಕೆ ವಿಶೇಷ ರಿಯಾಯಿತಿ ಇಲ್ಲ. ಆಪ್ಟೆಲ್‌ಗೆ 45 ದಿನ, ಸಾಕಷ್ಟು ಕಾರಣವಿದ್ದರೆ ವಿಳಂಬ ಮನ್ನಿಸಬಹುದು. ಅಲ್ಲಿಂದ ಸುಪ್ರೀಂ ಕೋರ್ಟ್‌ಗೆ 125ನೇ ಪ್ರಕರಣದಡಿ 60 ದಿನ, ಮನ್ನಿಸಬಹುದಾದದ್ದು ಮತ್ತೆ 60 ಮಾತ್ರ. 120 ದಾಟಿದರೆ ಬಾಗಿಲು ಮುಚ್ಚಿತು, ಛತ್ತೀಸಗಢ ವಿದ್ಯುತ್ ಮಂಡಳಿಯ 2010ರ ಪ್ರಕರಣದಲ್ಲಿ ಇದು ಇತ್ಯರ್ಥವಾಗಿದೆ. ಕಡತ ಇಲಾಖೆ, ಕಾನೂನು ಇಲಾಖೆ, ಆರ್ಥಿಕ ಇಲಾಖೆ ಸುತ್ತಿ ಬರುವುದರೊಳಗೆ ಇದು ಮುಗಿದುಹೋಗುತ್ತದೆ. ತೀರ್ಪು ಬಂದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ, ಒಂದು ವಾರದೊಳಗೆ ನಿಮ್ಮ ಲಿಖಿತ ಅಭಿಪ್ರಾಯ. ಮೇಲ್ಮನವಿ ಬೇಡವೆಂದು ನಿಮಗೆ ಅನ್ನಿಸಿದರೆ ಅದನ್ನೂ ಕಾರಣ ಸಹಿತ ಬರೆಯಿರಿ. ಸೋಲುವುದೆಂದು ಗೊತ್ತಿದ್ದೂ ಹೊಣೆ ಜಾರಿಸಲು ಹಾಕುವ ಮೇಲ್ಮನವಿಯಿಂದ ವಿಳಂಬ ಪಾವತಿಯ ಸರ್‌ಚಾರ್ಜ್ ಬೆಳೆಯುತ್ತಲೇ ಹೋಗುತ್ತದೆ.

ಸಿವಿಲ್ ನ್ಯಾಯಾಲಯದಲ್ಲಿ ಕೆಲಸ ನಿಲ್ಲಿಸಲು ತಡೆಯಾಜ್ಞೆ ಕೇಳಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ಸೇರಿಸಿದ 20ಎ ಮತ್ತು 41(ಎಚ್‌ಎ) ತೋರಿಸಿ. ಮೂಲಸೌಕರ್ಯ ಯೋಜನೆಗೆ ಅಡ್ಡಿಯಾಗುವ ತಡೆಯಾಜ್ಞೆಯನ್ನು ಅವು ತಡೆಯುತ್ತವೆ, ವಿದ್ಯುತ್ ಉತ್ಪಾದನೆ ಅದರ ಅನುಸೂಚಿಯಲ್ಲಿದೆ. ಹಾಗೆಂದು ಪರಿಹಾರ ಸಿಗದ ರೈತರ ಮೇಲೆ ಇದನ್ನು ಬೀಸಬೇಡಿ. ಲೈನಿನ ಗೋಪುರದ ವಿಷಯದಲ್ಲಿ 2024ರ ಜೂನ್‌ನ ಕೇಂದ್ರ ಮಾರ್ಗಸೂಚಿ ಗೋಪುರದ ಬುಡಕ್ಕೆ ಭೂಮೌಲ್ಯದ ಶೇ 200, ತಂತಿ ಹಾಯುವ ಪಟ್ಟಿಗೆ ಶೇ 30 ಪರಿಹಾರ ಹೇಳಿತ್ತು. ರಾಜ್ಯ ಅದನ್ನು ಹೇಗೆ ಅಳವಡಿಸಿಕೊಂಡಿದೆ ನೋಡಿ, ಹಣ ಪಾವತಿಯಾಗಿದೆಯೇ ಎಂದು ಕೇಳಿ, ಆಮೇಲೆ ವಾದಕ್ಕೆ ನಿಲ್ಲಿ.

ಆದೇಶ, ಪ್ರಮಾಣಪತ್ರ, ಪುರಾವೆ

ಹಂಚಿಕೆ ರದ್ದು ಮಾಡುವ ಆದೇಶ ಹೊರಡುವ ಮುನ್ನ ಅದನ್ನು ನಿಮಗೆ ತೋರಿಸುವ ಪದ್ಧತಿ ಇಲಾಖೆಯಲ್ಲಿ ಇರಲಿ. ಕಾರಣಗಳು ಆದೇಶದಲ್ಲೇ ಇರಬೇಕು. ನಂತರ ಪ್ರಮಾಣಪತ್ರದಲ್ಲಿ ಹೊಸ ಕಾರಣ ಸೇರಿಸಲು ಆಗದು ಎಂದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದ ಕಾಲದಿಂದ ನ್ಯಾಯಾಲಯಗಳು ಹೇಳುತ್ತಿವೆ. ಕಡತದೊಳಗಿನ ಟಿಪ್ಪಣಿಯೂ ಆದೇಶವಲ್ಲ, ಕಳಿಸಿದಾಗಲೇ ಅದು ಆದೇಶ. ರದ್ದತಿಗೆ ಮುನ್ನ ಕಾರಣ ಕೇಳುವ ನೋಟಿಸ್ ಕೊಡಿ, ಬಂದ ಉತ್ತರದ ಪ್ರತಿ ಅಂಶಕ್ಕೂ ಒಂದೊಂದು ವಾಕ್ಯವಾದರೂ ಬರೆಸಿ.

ಘಟಕದ ಉತ್ಪಾದನೆ ತಗ್ಗಿಸಿದ್ದರ ತಕರಾರುಗಳಲ್ಲಿ ಪುರಾವೆ ಪೂರ್ತಿ ಯಂತ್ರದ್ದು. ಸೌರ, ಪವನ ಘಟಕಗಳನ್ನು ಗ್ರಿಡ್‌ನ ಭದ್ರತೆಗಾಗಿ ತಗ್ಗಿಸಬಹುದು, ದುಬಾರಿ ಎಂಬ ಕಾರಣಕ್ಕಲ್ಲ. ಹಾಗಾಗಿ ರಾಜ್ಯ ಭಾರ ವಿತರಣಾ ಕೇಂದ್ರದವರು ಪ್ರತಿ ಸೂಚನೆಯ ಜೊತೆ ಆ ಗಳಿಗೆಯ ಕಾರಣ, ಆವರ್ತನ, ಯಾವ ಲೈನಿನಲ್ಲಿ ಎಷ್ಟು ಹೊರೆ ಎಂದು ಆಗಲೇ ದಾಖಲಿಸಬೇಕು. ಆ ಮಾಹಿತಿಯ ಮುದ್ರಿತ ಪ್ರತಿ ನ್ಯಾಯಾಲಯಕ್ಕೆ ಹಾಕುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಅದರಲ್ಲಿ ಎರಡು ಭಾಗ, ಒಂದನ್ನು ದಾಖಲೆ ಒದಗಿಸುವವರು, ಇನ್ನೊಂದನ್ನು ತಜ್ಞರು ಸಹಿ ಮಾಡಬೇಕು, ಕಡತ ತಿದ್ದಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆ ಇಂದಿಗೂ ಕಚೇರಿಗಳಲ್ಲಿ ಓಡಾಡುತ್ತಿದೆ.

ಉಲ್ಲೇಖಿಸುವ ನಿಯಮ ಇನ್ನೂ ಜೀವಂತವಾಗಿದೆಯೇ ಎಂದು ವಿಚಾರಣೆಯ ಬೆಳಿಗ್ಗೆಯೂ ನೋಡಿ. ಹಸಿರು ವಿದ್ಯುತ್‌ನ ಮುಕ್ತ ಪ್ರವೇಶಕ್ಕೆಂದು ಕೇಂದ್ರ 2022ರಲ್ಲಿ ಮಾಡಿದ ನಿಯಮಗಳನ್ನು ಕರ್ನಾಟಕ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಅದರ ಮೇಲೆ ನಿಂತ ಪತ್ರ, ಸುತ್ತೋಲೆಗಳೆಲ್ಲ ಕಡತದಲ್ಲಿ ಹಾಗೆಯೇ ಇರುತ್ತವೆ.

ಸರ್ಕಾರಿ ವಕೀಲರು ಬದಲಾಗುತ್ತಾರೆ, 25 ವರ್ಷದ ಒಪ್ಪಂದ ಹಾಗೆಯೇ ಇರುತ್ತದೆ. ಕಡತ ಬಿಟ್ಟುಕೊಡುವಾಗ ದಿನಾಂಕಗಳ ಪಟ್ಟಿ, ಮುಂದಿನ ಎಲ್ಲ ಗಡುವುಗಳು, ಗ್ಯಾರಂಟಿಗಳ ಮುಕ್ತಾಯ ದಿನ, ನ್ಯಾಯಾಲಯಕ್ಕೆ ಈಗಾಗಲೇ ಕೊಟ್ಟ ವಾಗ್ದಾನಗಳು, ಬೇರೆ ಇಲಾಖೆ ಬೇರೆ ಪ್ರಕರಣದಲ್ಲಿ ಇದೇ ವಿಷಯಕ್ಕೆ ತೆಗೆದುಕೊಂಡ ನಿಲುವು, ಇಷ್ಟನ್ನೂ ಬರೆದು ಹೊಸಬರಿಂದ ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಎಸ್ಕಾಂನ ಕಾನೂನು ಘಟಕದಲ್ಲಿರಲಿ, ಇನ್ನೊಂದು ಇಂಧನ ಇಲಾಖೆಯಲ್ಲಿ.